ಇನ್ನೆರಡು ಉಳಿದಿರುವಾಗ

ನನ್ನ ಅವ್ವನ ಮುಖಕ್ಕಿಂತ ಅವಳ ಕತ್ತಿನ ಹಿಂಭಾಗವೇ ನನಗೆ ಹೆಚ್ಚು ಪರಿಚಿತ. ತುರುಬಿನ ಕೆಳಗೆ, ತುಸು ಎಡಕ್ಕೆ, ಎಳ್ಳಿನ ಗಾತ್ರದ ಒಂದು ಮಚ್ಚೆ. ಎಷ್ಟೇ ಬಿಗಿದು ಕಟ್ಟಿದರೂ ತುರುಬಿನ ಕೈಗೆ ಸಿಗದ ಸಣ್ಣ ಕೂದಲು. ಬೇಸಿಗೆಯಲ್ಲಿ ಅಲ್ಲಿಂದ ಹೊರಟು ಕುಪ್ಪಸದೊಳಗೆ ಇಳಿದುಹೋಗುವ ಬೆವರಿನ ಒಂದು ಗೆರೆ. ಮೂರನೆಯ ವಯಸ್ಸಿನಲ್ಲಿ ಬಂದ ಜ್ವರ ನನ್ನ ಎರಡೂ ಕಾಲುಗಳ ಶಕ್ತಿಯನ್ನು ಕಸಿದುಕೊಂಡ ಮೇಲೆ ನಾನು ಊರನ್ನು ನೋಡಿದ್ದು ಹೆಚ್ಚಾಗಿ ಆ ಮಚ್ಚೆಯ ಮೇಲಿನಿಂದಲೇ.

ಅವ್ವನ ಹೆಸರು ಕಾಶವ್ವ. ಎರಡು ಖಾನಾವಳಿಗಳಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದ. ಮೊದಲೆಲ್ಲ ದೂರದ ದಾರಿಗೆ ಅವನೇ ನನ್ನನ್ನು ಹೊರುತ್ತಿದ್ದ. ನನಗೆ ಹತ್ತಾಗುವಾಗ ಅವನ ಸೊಂಟದ ಮೂಳೆ ಜರುಗಿ, ತುಂಬಿದ ಕೊಡ ಎತ್ತಿದರೂ ಮೂರು ದಿನ ಮಲಗುವಂತಾಯಿತು. ಪ್ರಾಥಮಿಕ ಶಾಲೆ ನಮ್ಮ ಓಣಿಯಲ್ಲೇ ಇದ್ದುದರಿಂದ ಅಷ್ಟು ದೂರ ಅವ್ವ ನನ್ನನ್ನು ಸುಲಭವಾಗಿ ಹೊತ್ತು ಮುಟ್ಟಿಸುತ್ತಿದ್ದಳು. ತೊಂದರೆ ಶುರುವಾದದ್ದು ನಾನು ಏಳನೆಯ ಇಯತ್ತೆ ಪಾಸಾದಾಗ.

ಹೆಣ್ಣುಮಕ್ಕಳ ಹೈಸ್ಕೂಲು ಇದ್ದದ್ದು ಹಳೆಯ ಕೋಟೆಯ ಮೇಲೆ. ಅಲ್ಲಿಗೆ ಅರವತ್ನಾಲ್ಕು ಮೆಟ್ಟಿಲುಗಳು. ಗಾಡಿ ಹೋಗುವ ಬೇರೆ ದಾರಿ ಇರಲಿಲ್ಲ. ಫಲಿತಾಂಶ ಬಂದ ಮರುದಿನ ಸಂಜೆ ಅವ್ವ ನನ್ನನ್ನು ಬೆನ್ನಿಗೆ ಹಾಕಿಕೊಂಡು ಒಮ್ಮೆ ಪರೀಕ್ಷೆ ಮಾಡಿ ನೋಡಿದಳು. ಹದಿನೈದು ಮೆಟ್ಟಿಲಿನವರೆಗೆ ಮಾತಾಡುತ್ತಿದ್ದಳು, ಅಲ್ಲಿಂದ ಮಾತು ನಿಂತಿತು. ಇಪ್ಪತ್ತೆರಡನೆಯದರಲ್ಲಿ ಅವಳ ಮೊಣಕಾಲು ಮಡಚಿತು. ಬೀಳಲಿಲ್ಲ, ಕಲ್ಲಿನ ಮೇಲೆ ಕುಸಿದು ಕುಳಿತಳು. ಇಳಿಯುವಾಗ ಅವಳೂ ಕೂತು, ನಾನೂ ಕೂತು, ಒಂದೊಂದೇ ಮೆಟ್ಟಿಲನ್ನು ಜಾರುತ್ತ ಬಂದೆವು.

ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತ ಹೇಳಿದ: "ಏಳನೇತ್ತೆ ಏನ ಕಡಿಮಿ ಅಲ್ಲ. ಮನ್ಯಾಗ ಕುಂತ ಹೊಲಿಗಿ ಕಲೀಲಿ."

ಅವನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ತಾನು ಹೊರಲಾಗದ ಭಾರವನ್ನು ಹೆಂಡತಿಯ ಬೆನ್ನ ಮೇಲೆ ನೋಡುವುದು ಅವನಿಗೆ ಕಷ್ಟವಾಗಿತ್ತು. ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಮುಗಿಸಿ, ಕೈಯ ಹಿಟ್ಟು ತೊಳೆದು, ನನ್ನನ್ನು ಎತ್ತಿಕೊಂಡು ಎಣ್ಣೆ ಗಾಣದ ಹಿಂದಿದ್ದ ವ್ಯಾಯಾಮ ಶಾಲೆಗೆ ಹೋದಳು.

ಅದನ್ನು ನಡೆಸುತ್ತಿದ್ದವರು ಮಕ್ತುಮಸಾಬ ಉಸ್ತಾದರು. ಅರವತ್ತು ದಾಟಿದ ಮನುಷ್ಯ, ಕುಳ್ಳಗೆ, ದಪ್ಪ ಕತ್ತು. ಒಂದು ಕಾಲದಲ್ಲಿ ಕುಸ್ತಿ ಹಿಡಿದವರು, ಆಮೇಲೆ ಕಬ್ಬಿಣ ಎತ್ತುವುದನ್ನು ಕಲಿಸುತ್ತಿದ್ದರು. ಒಳಗೆ ಹತ್ತು ಹನ್ನೆರಡು ಗಂಡಸರು ಇದ್ದರು. ಬಾಗಿಲಲ್ಲಿ ಹೆಂಗಸೊಬ್ಬಳು ನಿಂತದ್ದು ಕಂಡು ಎಲ್ಲರೂ ಕೆಲಸ ನಿಲ್ಲಿಸಿದರು.

"ಏನ ಬೇಕಾಗಿತ್ತು ತಂಗಿ?" ಉಸ್ತಾದರು ಕೇಳಿದರು.

"ತಾಕತ್ತು ಬೇಕ್ರಿ," ಎಂದಳು ಅವ್ವ.

ಯಾರೋ ನಕ್ಕರು. ಉಸ್ತಾದರು ನಗಲಿಲ್ಲ. ನನ್ನನ್ನು ನೋಡಿದರು, ಜೋತುಬಿದ್ದ ನನ್ನ ಕಾಲುಗಳನ್ನು ನೋಡಿದರು. ನನ್ನನ್ನು ಮೂಲೆಯ ತಕ್ಕಡಿಯ ಮೇಲೆ ಕೂರಿಸಿ ತೂಗಿದರು. ಇಪ್ಪತ್ತೊಂಬತ್ತು ಕಿಲೋ.

"ಎಷ್ಟು ದಿನ ಐತಿ ಸಾಲಿ ಶುರು ಆಗಾಕ?"

"ಎರಡು ತಿಂಗಳು."

"ಆಗೂದಿಲ್ಲ ತಂಗಿ. ಒಂದು ವರ್ಷ ಬೇಕು."

"ನಾ ದಿನಾ ಇನ್ನೂರು ರೊಟ್ಟಿ ಬಡೀತೀನ್ರಿ. ಕೆಲಸಕ್ಕ ಹೆದರೂ ಪೈಕಿ ಅಲ್ಲ ನಾನು."

"ರೊಟ್ಟಿ ಬಡಿಯೂದು ಕೈ. ಮೆಟ್ಟಲಾ ಹತ್ತೂದು ತೊಡಿ, ಸೊಂಟ. ಅವಕ್ಕ ಇನ್ನೂ ಏನೂ ಗೊತ್ತಿಲ್ಲ. ವಾರಕ್ಕ ಮೂರು ದಿನ ಬಾ. ಮೊದಲ ಹದಿನೈದು ದಿನ ಬಿದಿರ ಬಡಿಗಿ ಹಿಡದು ಬಸ್ಕಿ ಹೊಡಿ. ಐದು ಹೊಡದು ಕುಂದ್ರು, ಮತ್ತ ಐದು, ಮತ್ತ ಐದು. ಅಷ್ಟ."

ಹದಿನೈದು ಬಸ್ಕಿ! ಅವ್ವನ ಮುಖ ಕೆಂಪಾಯಿತು. ತನ್ನನ್ನು ಹಗುರವಾಗಿ ಕಂಡರೆಂದು ಅವಳಿಗೆ ಅನಿಸಿತ್ತು. ನನಗೂ ಹಾಗೆಯೇ ಅನಿಸಿತು. ಏಕೆಂದರೆ ತಕ್ಕಡಿಯ ಮೇಲೆ ಕೂತಲ್ಲಿಂದ ನನಗೆ ಎದುರಿನ ಗೋಡೆ ಕಾಣುತ್ತಿತ್ತು, ಆ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಅದು ಭರಮಪ್ಪನ ಹಾಳೆ. ಭರಮಪ್ಪ ಎಂದರೆ ಆ ಶಾಲೆಯ ಹೆಮ್ಮೆ, ಭಾರ ಎತ್ತುವುದರಲ್ಲಿ ಸುತ್ತಲಿನ ಊರುಗಳಿಗೆಲ್ಲ ಮೊದಲನೆಯವನು. ಅವನು ವಾರದಲ್ಲಿ ಆರು ದಿನ ಏನೇನು ಮಾಡುತ್ತಾನೆಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಭಾರ ಹೊತ್ತು ಬಸ್ಕಿ, ಹತ್ತರಂತೆ ಹತ್ತು ಸಲ. ನೆಲದಿಂದ ಭಾರ ಎತ್ತುವುದು, ಹತ್ತರಂತೆ ಹತ್ತು ಸಲ. ದಂಡ ನೂರು. ಭಾರ ಹೊತ್ತು ಕಟ್ಟೆ ಹತ್ತಿ ಇಳಿಯುವುದು ನೂರು.

ರಜೆಯಲ್ಲೂ ಎಲ್ಲಿಗೆ ಹೋದರೂ ಪಾಟಿಚೀಲ ನನ್ನ ಕೊರಳಲ್ಲೇ ಇರುತ್ತಿತ್ತು. ಉಸ್ತಾದರು ಅವ್ವನಿಗೆ ಬಡಿಗೆ ಹಿಡಿಯುವುದನ್ನು ತೋರಿಸುತ್ತಿದ್ದಾಗ ನಾನು ಆ ಹಾಳೆಯನ್ನು ಪೂರ್ತಿ ನಕಲು ಮಾಡಿಕೊಂಡೆ.

ಹೊರಗೆ ಬರುವಾಗ ಭರಮಪ್ಪನೇ ಬಾಗಿಲಲ್ಲಿ ಸಿಕ್ಕ. ಇಪ್ಪತ್ತೈದರ ಹುಡುಗ, ನಗುಮುಖ. ಅವ್ವ ಕೇಳಿದಳು: "ತಮ್ಮಾ, ಆ ಗ್ವಾಡಿ ಮ್ಯಾಲಿಂದು ನಮ್ಮಂಥವರು ಮಾಡಿದ್ರ ಲಗೂ ತಾಕತ್ತು ಬರ್ತೈತೇನು?"

ಅವನು ಉಬ್ಬಿದ. "ಯಾಕ ಬರೂದಿಲ್ಲ ಅಕ್ಕಾರ? ಮನಸ್ಸು ಗಟ್ಟಿ ಇದ್ರ ಎಲ್ಲಾ ಆಗ್ತೈತಿ. ಉಸ್ತಾದರು ಎಲ್ಲಾರಿಗೂ ಹಂಗ ಹೆದರಸ್ತಾರ."

ಅಷ್ಟು ಸಾಕಾಯಿತು.

ಮರುದಿನ ಅಪ್ಪ ಅಂಗಡಿಗೆ ಹೋದ ಮೇಲೆ ಅವ್ವ ಸೀರೆಗೆ ಕಚ್ಚೆ ಹಾಕಿ, ಇಪ್ಪತ್ತು ಕಿಲೋ ಜೋಳ ತುಂಬಿದ ಚೀಲವನ್ನು ಹೆಗಲ ಮೇಲೆ ಹೊತ್ತು ನಡುಮನೆಯಲ್ಲಿ ನಿಂತಳು. ನಾನು ಕಂಬಕ್ಕೆ ಒರಗಿ ಎಣಿಸುವವಳು. ಅವಳಿಗೆ ಉಸಿರಿನ ನಡುವೆ ಎಣಿಸಲು ಆಗುವುದಿಲ್ಲವೆಂದು ಆ ಕೆಲಸ ನನ್ನದಾಗಿತ್ತು. ಮೊದಲ ದಿನ ಹಾಳೆಯಲ್ಲಿದ್ದ ಎಲ್ಲವನ್ನೂ ಮಾಡಿದಳು. ಮಾಡಿ ನಕ್ಕಳು. "ನೋಡಿದೇನ? ಹದಿನೈದಂತ, ಹದಿನೈದು!"

ಎರಡನೆಯ ದಿನ ಅವಳಿಗೆ ಒಲೆಯ ಮುಂದೆ ಕೂರಲು ಆಗಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಇಳಿದಳು. ಆದರೂ ಹಾಳೆಯನ್ನು ಬಿಡಲಿಲ್ಲ. ಮೂರನೆಯ ದಿನ ಚೀಲ ಹೊತ್ತು ಬಸ್ಕಿ ಹೊಡೆಯುವಾಗ ಅವಳ ತೊಡೆಗಳು ಸೀರೆಯೊಳಗೆ ನಡುಗುವುದು ನನಗೆ ಕಾಣುತ್ತಿತ್ತು. ಅವಳು ನನಗೆ ಬೆನ್ನು ಮಾಡಿ ನಿಂತಿದ್ದಳು. ಮಚ್ಚೆಯ ಸುತ್ತ ಚರ್ಮ ಬಿಳುಚಿಕೊಂಡಿತ್ತು. ಏಳನೆಯ ಹತ್ತು ಮುಗಿದಾಗ ಚೀಲವನ್ನು ಗೋಡೆಗೆ ಆನಿಸಿ ಕೇಳಿದಳು: "ಎಷ್ಟಾತು?"

"ಅರವತ್ತು," ಎಂದೆ ನಾನು.

ಎಪ್ಪತ್ತಾಗಿತ್ತು. ನಾನು ತಪ್ಪಿ ಹೇಳಿದ್ದಲ್ಲ. ಕೋಟೆಯ ಮೇಲಿನ ಶಾಲೆ ನನಗೆ ಅಷ್ಟು ಬೇಕಾಗಿತ್ತು. ನೂರರಿಂದ ಒಂದು ಪಾಲು ಶಕ್ತಿ ಬಂದರೆ ನೂರಾಹತ್ತರಿಂದ ಇನ್ನೂ ಹೆಚ್ಚು ಬರುತ್ತದೆಂದು ನನ್ನ ಹನ್ನೆರಡು ವರ್ಷದ ತಲೆ ಲೆಕ್ಕ ಹಾಕಿತ್ತು. ಅವ್ವ ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಮತ್ತೆ ಚೀಲ ಹೊತ್ತಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ. ತೊಡೆಗಳು ಊದಿ ಕಲ್ಲಿನಂತಾಗಿದ್ದವು. ಮುಟ್ಟಿದರೆ ಚೀರುತ್ತಿದ್ದಳು. ಅಪ್ಪ ಅವಳನ್ನು ಎತ್ತಿ ಕೂರಿಸಲು ಹೋಗಿ ತನ್ನ ಸೊಂಟ ಹಿಡಿದುಕೊಂಡ. ಪಕ್ಕದ ಮನೆಯ ಹೆಂಗಸು ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದಳು. "ಉಚ್ಚಿ ಹಾಲಿಲ್ಲದ ಚಹಾ ಇದ್ದಂಗ ಹೊಂಟೈತಲ್ಲೋ, ಕರ್ರಗ!" ಎಂದಳು.

ದವಾಖಾನೆಯ ಡಾಕ್ಟರಮ್ಮ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಎಂದೂ ದುಡಿಯದ ಸ್ನಾಯುಗಳನ್ನು ಒಂದೇ ಸಲಕ್ಕೆ ಅಷ್ಟು ದುಡಿಸಿದ್ದರಿಂದ ಅವು ಒಡೆದು ರಕ್ತಕ್ಕೆ ಸೇರಿವೆ, ಅದನ್ನು ಸೋಸಲಾಗದೆ ಮೂತ್ರಪಿಂಡಗಳು ಕಟ್ಟುತ್ತಿವೆ ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. "ಎರಡು ದಿನ ನೋಡೋಣ. ಮೂತ್ರ ತಿಳಿಯಾದರೆ ಬದುಕಿದರು," ಎಂದರು. ಸಲಾಯಿನ್ ಬಾಟಲಿಗಳು ಒಂದರ ಹಿಂದೆ ಒಂದು ಇಳಿದವು.

ಆ ಎರಡು ದಿನ ನಾನು ಅವಳ ಮಂಚದ ಕಾಲಬಳಿ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಹೊತ್ತು ಅವ್ವನ ಮುಖವನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಅವಳ ಕೆಳತುಟಿಯ ಮೇಲೆ ಒಂದು ಸುಟ್ಟ ಗಾಯದ ಗುರುತಿತ್ತು. ಅದು ಯಾವಾಗ ಆದದ್ದೆಂದು ನನಗೆ ಗೊತ್ತೇ ಇರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಉಸ್ತಾದರೂ ಭರಮಪ್ಪನೂ ಬಂದರು. ಭರಮಪ್ಪ ಬಾಗಿಲಲ್ಲೇ ನಿಂತ. ಅಷ್ಟು ದೊಡ್ಡ ದೇಹ ಎಲ್ಲಿಡಬೇಕೆಂದು ತಿಳಿಯದವನಂತೆ ಗೋಡೆಗೆ ಅಂಟಿಕೊಂಡಿದ್ದ.

"ನೀನ ಹೇಳು," ಎಂದರು ಉಸ್ತಾದರು ಅವನಿಗೆ.

"ಆ ಹಾಳಿ ನಂದು ಒಂಬತ್ತನೇ ವರ್ಷದ್ದು ಅಕ್ಕಾರ," ಎಂದ ಅವನು ನೆಲ ನೋಡುತ್ತ. "ಮೊದಲನೇ ವರ್ಷ ನನಗೂ ಬಿದಿರ ಬಡಿಗೀನ ಕೊಟ್ಟಿದ್ರು. ನಾಚಿಕಿ ಆಗಿ ಯಾರಿಗೂ ಹೇಳಿರಲಿಲ್ಲ. ನಿಮಗೂ ಹೇಳಲಿಲ್ಲ."

ಅವನು ಅಷ್ಟು ಹೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಹಾಳಿ ಬರಕೊಂಡಾಕಿ ನಾನು," ಎಂದೆ. "ಎಣಿಸೂದು ತಪ್ಪಿಸಿದ್ದೂ ನಾನ. ಎಪ್ಪತ್ತಾಗಿತ್ತು, ಅರವತ್ತು ಅಂದೆ." ಅತ್ತುಬಿಟ್ಟೆ. ಉಸ್ತಾದರು ನನ್ನ ತಲೆಯ ಮೇಲೆ ಕೈಯಿಟ್ಟರು. ಮಾತಾಡಿದವಳು ಅವ್ವ. ಕಣ್ಣು ಮುಚ್ಚಿಕೊಂಡೇ ಇದ್ದಳು.

"ನಾನೂ ಎಣಿಸಾಕತ್ತಿದ್ದೆ, ಮಗಳ."

ನನಗೆ ಅರ್ಥವಾಗಲಿಲ್ಲ.

"ಎಪ್ಪತ್ತು ಅಂತ ನನಗೂ ಗೊತ್ತಿತ್ತು. ನೀ ಅರವತ್ತು ಅಂದಿ. ಇನ್ನೂ ಹತ್ತು ಮಾಡಾಕ ಒಂದು ನೆವ ಸಿಕ್ತು ಅಂತ ಸುಮ್ಮನಾದೆ. ನಿನಗಿಂತ ಗಡಿಬಿಡಿ ನನಗಿತ್ತು."

ಆ ಸಂಜೆ ಮೂತ್ರ ಸ್ವಲ್ಪ ತಿಳಿಯಾಯಿತು. ಆರನೆಯ ದಿನ ಮನೆಗೆ ಬಂದೆವು. ಖಾನಾವಳಿಯವರು ಬೇರೆಯವರಿಂದ ರೊಟ್ಟಿ ತರಿಸಿಕೊಳ್ಳತೊಡಗಿದ್ದರು. ಅವ್ವ ಒಂದು ತಿಂಗಳು ಗೋಡೆ ಹಿಡಿದು ಓಡಾಡಿದಳು. ಹೈಸ್ಕೂಲು ಶುರುವಾದ ದಿನ ನನ್ನ ವಾರಿಗೆಯ ಹುಡುಗಿಯರು ನಮ್ಮ ಬಾಗಿಲ ಮುಂದಿನಿಂದಲೇ ಹೋದರು. ನಾನು ಒಳಗೆ ಕೂತು ಹೊಲಿಗೆಯ ಮೊದಲ ಪಾಠವೆಂದು ಅಪ್ಪನ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ.

ಭರಮಪ್ಪ ಒಂದು ದಿನ ಬಂದು ತಾನೇ ನನ್ನನ್ನು ದಿನವೂ ಹೊತ್ತುಕೊಂಡು ಹೋಗಿ ಬಿಡುವುದಾಗಿ ಹೇಳಿದ. ಅವನ ದನಿಯಲ್ಲಿ ಬೇಡಿಕೆಯಿತ್ತು. ಅಪ್ಪನ ಮುಖ ಅರಳಿತು. ಅವ್ವ ಬೇಡವೆಂದು ತಲೆಯಾಡಿಸಿದಳು.

"ಎಷ್ಟು ದಿನ ಹೊರ್ತಿ ತಮ್ಮಾ? ನಾಳೆ ನಿನಗ ಪಂದ್ಯ ಬರ್ತಾವು, ಮದಿವಿ ಆಗ್ತೈತಿ. ಈಕಿಗೆ ಮೂರು ವರ್ಷ ಹತ್ತೂದೈತಿ. ದಿನಾ ಬೆಳಗಾದ್ರ ನೀ ಬರ್ತಿಯೋ ಇಲ್ಲೋ ಅಂತ ಬಾಗಲಾ ನೋಡ್ಕೋತ ಕುಂದ್ರೂದು ಆಕಿಗೆ ಬ್ಯಾಡ. ಒಂದು ವರ್ಷ ಹೋಗಲಿ. ನಾನ ಹೊರ್ತೀನಿ."

"ಮತ್ತ ಅಲ್ಲಿಗೆ ಹೋಗ್ತಿಯೇನು?" ಎಂದ ಅಪ್ಪ, ಎದ್ದು ನಿಂತು. "ಸಾಯೂದೊಂದು ಉಳದಿತ್ತು, ಅದನ್ನೂ ಮುಗಿಸಿಕೊಂಡು ಬರ್ತಿಯೇನು?"

"ಸಾಯಾಕ ಹೊಂಟಿಲ್ಲ. ಈ ಸಲ ಕಲ್ಯಾಕ ಹೊಂಟೀನಿ. ಬೇಕಾದ್ರ ಡಾಕ್ಟರಮ್ಮನ್ನ ಕೇಳಿಕೊಂಡ ಹೋಗ್ತೀನಿ."

ಡಾಕ್ಟರಮ್ಮ ಇನ್ನೆರಡು ತಿಂಗಳು ತಡೆಯಬೇಕೆಂದರು. ಅವ್ವ ತಡೆದಳು. ಎರಡು ತಿಂಗಳು ಮುಗಿದ ಮರುದಿನ ಬೆಳಿಗ್ಗೆ ನನ್ನನ್ನು ಎತ್ತಿಕೊಂಡು ಅದೇ ಬಾಗಿಲಲ್ಲಿ ನಿಂತಳು. ಉಸ್ತಾದರು ಮೂಲೆಯಲ್ಲಿದ್ದ ಬಿದಿರ ಬಡಿಗೆಯನ್ನು ತಂದು ಅವಳ ಕೈಗೆ ಕೊಟ್ಟರು. ಗೋಡೆಯ ಮೇಲೆ ಭರಮಪ್ಪನ ಹಾಳೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಸುಣ್ಣ ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು.

ಐದು ಬಸ್ಕಿ. ಕೂತು ವಿಶ್ರಾಂತಿ. ಮತ್ತೆ ಐದು. ಮತ್ತೆ ಐದು. ಮನೆಗೆ ಹೋಗು.

ಹೊರಗೆ ಓಣಿಯ ಹೆಂಗಸರು ಬಡಿಗೆಯ ಸುದ್ದಿ ಕೇಳಿ ನಕ್ಕರಂತೆ. ಅವ್ವನಿಗೆ ನಗು ಚುಚ್ಚಲಿಲ್ಲ. ಅವಳಿಗೆ ಕಷ್ಟವಾದದ್ದು ನಿಲ್ಲಿಸುವುದು. ಹದಿನೈದು ಮುಗಿದ ಮೇಲೆ ಮೈಯಲ್ಲಿ ಇನ್ನೂ ಶಕ್ತಿ ಇರುತ್ತಿತ್ತು, ಕೈ ತಾನಾಗಿ ಬಡಿಗೆಯ ಕಡೆ ಹೋಗುತ್ತಿತ್ತು. ಉಸ್ತಾದರು ಅದನ್ನು ಕಿತ್ತಿಟ್ಟುಕೊಳ್ಳುತ್ತಿದ್ದರು.

"ಇನ್ನೂ ಎರಡು ಆಗ್ತಾವು ಅಂತ ಅನಿಸಿದಾಗ ನಿಲ್ಲಬೇಕು ತಂಗಿ. ಆ ಎರಡು ಮೈಯಾಗ ಉಳೀಲಿ. ನಾಡಿದ್ದು ಬರೂಮುಂದ ಅವನ್ನ ಹೊತ್ಕೊಂಡ ಬರ್ತಿ."

"ಭರಮಪ್ಪ ಅಷ್ಟು ಮಾಡ್ತಾನಲ್ರಿ?"

"ಅವನ ಮೈಗೆ ಒಂಬತ್ತು ವರ್ಷದ ರೂಢಿ ಐತಿ. ನಿನ್ನ ಮೈ ಈಗ ಅಂಬೆಗಾಲು ಇಡಾಕತ್ತೈತಿ. ಅದರ ಮ್ಯಾಲೆ ಸಿಟ್ಟು ಮಾಡಬ್ಯಾಡ."

ಹದಿನೈದು ದಿನದ ನಂತರ ಕಬ್ಬಿಣದ ರಾಡು ಬಂತು. ಬರೀ ರಾಡೇ ಇಪ್ಪತ್ತು ಕಿಲೋ. ಆಮೇಲೆ ಅದರ ಎರಡು ಬದಿಗೆ ಅಂಗೈಯಗಲದ ಪ್ಲೇಟುಗಳು. ತಿಂಗಳಿಗೊಮ್ಮೆ ಉಸ್ತಾದರು ನನ್ನನ್ನೂ ತೂಗುತ್ತಿದ್ದರು. ನಾನು ಮೂವತ್ತಾದೆ, ಮೂವತ್ತೊಂದೂವರೆಯಾದೆ. ಅವ್ವ ಎತ್ತಬೇಕಾದದ್ದು ನಿಂತಲ್ಲಿ ನಿಲ್ಲದ, ಬೆಳೆಯುತ್ತಲೇ ಇರುವ ಭಾರ. ಅದಕ್ಕೆ ಅವರು ಪ್ಲೇಟುಗಳನ್ನು ನನಗಿಂತ ಸ್ವಲ್ಪ ಮುಂದೆಯೇ ಇಡುತ್ತಿದ್ದರು. ನನ್ನ ಕೈಯಲ್ಲಿ ಒಂದು ನೋಟುಬುಕ್ಕು ಕೊಟ್ಟಿದ್ದರು. ಇಂಥ ದಿನ ಇಷ್ಟು ಭಾರ, ಇಷ್ಟು ಸಲ. ಅದರಲ್ಲಿ ನಾನು ಒಂದು ಅಂಕಿಯನ್ನೂ ಸುಳ್ಳು ಬರೆಯಲಿಲ್ಲ.

ಚಳಿಗಾಲದಲ್ಲಿ ಒಮ್ಮೆ ಅವಳು ಒಂದೇ ಭಾರದಲ್ಲಿ ಮೂರು ವಾರ ಸಿಕ್ಕಿಕೊಂಡಳು. ಮೂರನೆಯ ಸಲ ರಾಡು ಅರ್ಧಕ್ಕೆ ಬಂದು ಕೆಳಗಿಳಿದಾಗ ಅದನ್ನು ಒದ್ದಳು. ಉಸ್ತಾದರು ಬೈಯಲಿಲ್ಲ. ಎರಡೂ ಬದಿಯ ಪ್ಲೇಟು ತೆಗೆದು, ಎರಡು ತಿಂಗಳ ಹಿಂದಿನ ಭಾರ ಹಾಕಿ, "ಇಲ್ಲಿಂದ ಮತ್ತ ಬಾ," ಎಂದರು. ಆ ದಿನ ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಕತ್ತಿನ ನರಗಳು ಬಿಗಿದುಕೊಂಡೇ ಇದ್ದವು. ಆದರೆ ಒಂದು ದಿನ ಬಿಟ್ಟು ಸಮಯಕ್ಕೆ ಸರಿಯಾಗಿ ಹೊರಟಳು. ಐದು ವಾರದಲ್ಲಿ ಆ ಭಾರ ಅವಳ ಹೆಗಲ ಮೇಲೆ ಐದು ಸಲ ಎದ್ದು ನಿಂತಿತು.

ಅವಳು ನನ್ನನ್ನು ಹೊತ್ತು ವ್ಯಾಯಾಮ ಶಾಲೆಯ ಅಂಗಳದಲ್ಲಿ ನಡೆಯುವುದನ್ನು ಒಮ್ಮೆ ಉಸ್ತಾದರು ಹಿಂದಿನಿಂದ ನೋಡುತ್ತಿದ್ದರು. "ನಿಲ್ಲು," ಎಂದರು. ನನ್ನ ಕೈಗಳನ್ನು ಮುಟ್ಟಿ ನೋಡಿದರು. ನಾನು ಅವ್ವನ ಹೆಗಲಿನ ಮೇಲೆ ತೋಳು ಇಳಿಬಿಟ್ಟು ಜೋತುಬೀಳುತ್ತಿದ್ದೆ. ಮೂರನೆಯ ವಯಸ್ಸಿನಿಂದಲೂ ಹಾಗೆಯೇ ಜೋತುಬಿದ್ದಿದ್ದೆ.

"ಹೊರೂ ಮನಿಷಾಗ ಅಷ್ಟ ತಾಕತ್ತು ಇದ್ರ ಸಾಲೂದಿಲ್ಲವಾ," ಎಂದರು ನನಗೆ. "ಜೋಳದ ಚೀಲಕ್ಕ ಕೈ ಇಲ್ಲ, ನಿನಗದಾವು. ನೀ ಗಟ್ಟಿಯಾಗಿ ಹಿಡಕೊಂಡ್ರ ಅವ್ವಗ ನೀ ಐದು ಕಿಲೋ ಕಡಿಮಿ ಆಗ್ತಿ."

ಅದುವರೆಗೆ ಯಾರೂ ನನ್ನ ಮೈಯಿಂದ ಏನನ್ನೂ ಕೇಳಿರಲಿಲ್ಲ. ನಾನು ಅವ್ವನ ಹೊರೆ, ಅಷ್ಟೇ ಎಂದುಕೊಂಡಿದ್ದೆ. ಉಸ್ತಾದರು ತೊಲೆಗೆ ಒಂದು ಹಗ್ಗ ಕಟ್ಟಿದರು. ಕೂತಲ್ಲಿಂದ ಅದನ್ನು ಹಿಡಿದು ಮೈಯನ್ನು ನೆಲದಿಂದ ಎತ್ತಬೇಕು. ಮೊದಲ ದಿನ ಮೂರು ಸಲ ಎತ್ತಿದೆ, ನಾಲ್ಕನೆಯದಕ್ಕೆ ಕೈ ಹಾಕಿದೆ. ಇವತ್ತೇ ಐವತ್ತು ಮಾಡಿಬಿಡಬೇಕೆನಿಸಿತ್ತು.

"ಸಾಕು," ಎಂದಳು ಅವ್ವ.

"ಇನ್ನೂ ಆಗ್ತಾವು ಬೇ."

"ಅದಕ್ಕ ಸಾಕು ಅಂದೆ."

ನೋಟುಬುಕ್ಕಿನಲ್ಲಿ ಅವಳ ಹೆಸರಿನ ಪಕ್ಕ ಗೆರೆ ಎಳೆದು ನನ್ನ ಹೆಸರನ್ನೂ ಬರೆದುಕೊಂಡೆ. ಮೂರು. ಮೂರು. ನಾಲ್ಕು. ಹೀಗೆ.

ಮುಂದಿನ ವರ್ಷ ಹೈಸ್ಕೂಲು ಶುರುವಾದ ದಿನ ನಾನು ಮೂವತ್ತಮೂರು ಕಿಲೋ ಇದ್ದೆ. ಅವ್ವ ಕಚ್ಚೆ ಹಾಕಿ, ನನ್ನನ್ನು ಬೆನ್ನಿಗೆ ಏರಿಸಿಕೊಂಡು, ಒಂದು ಸಲ ಜಗ್ಗಿ ಸರಿಮಾಡಿಕೊಂಡಳು. ಅಪ್ಪ ಪಾಟಿಚೀಲ ಹಿಡಿದು ಮುಂದೆ ನಡೆದ. ಭರಮಪ್ಪ ಎರಡು ಮೆಟ್ಟಿಲು ಹಿಂದೆ, ಎರಡೂ ಕೈ ಮುಂದೆ ಚಾಚಿಕೊಂಡು, ಮುಟ್ಟದೆ ಬಂದ. ಇಪ್ಪತ್ತನೆಯ ಮೆಟ್ಟಿಲಲ್ಲಿ ಅವ್ವ ನಿಂತಳು. ದಣಿದು ನಿಂತದ್ದಲ್ಲ. ಉಸ್ತಾದರು ಹಾಗೆ ಹೇಳಿದ್ದರು. ಮೂವತ್ತು ಉಸಿರು ಎಣಿಸಿ ಮತ್ತೆ ಹೊರಟಳು. ನಲವತ್ತರಲ್ಲಿ ಮತ್ತೆ ನಿಂತಳು. ಕೆಲವು ಹುಡುಗಿಯರು ನಮ್ಮನ್ನು ದಾಟಿ ಓಡಿದರು.

"ಅಕ್ಕಾರ, ಒಂದೀಟು ನನ್ನ ಕೈಗೆ ಕೊಡ್ರಿ," ಎಂದ ಭರಮಪ್ಪ.

"ಇನ್ನೂ ಎರಡು ಅದಾವು ತಮ್ಮಾ," ಎಂದಳು ಅವ್ವ.

ನಾನು ಅವಳ ಹೆಗಲನ್ನು ಎರಡೂ ತೋಳಿನಿಂದ ಬಿಗಿದು ನನ್ನನ್ನು ನಾನೇ ಮೇಲಕ್ಕೆ ಎಳೆದುಕೊಂಡಿದ್ದೆ. ಬೆವರಿನ ಗೆರೆ ಮಚ್ಚೆಯನ್ನು ದಾಟಿ ಇಳಿಯುತ್ತಿತ್ತು. ನನ್ನ ತೋಳುಗಳೂ ಬೆವರಿದ್ದವು. ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಅರವತ್ತು, ಅರವತ್ತೊಂದು. ಈ ಸಲ ಇಬ್ಬರೂ ಬಾಯಿಬಿಟ್ಟು ಎಣಿಸಿದೆವು.

ತರಗತಿಯಲ್ಲಿ ನನ್ನನ್ನು ಮೊದಲ ಬೆಂಚಿನ ತುದಿಗೆ ಕೂರಿಸಿ, ಸೆರಗಿನಿಂದ ನನ್ನ ಮುಖ ಒರೆಸಿ, ಅವ್ವ ಹೊರಗೆ ಹೋದಳು. ಅಪ್ಪನಿಗೂ ಭರಮಪ್ಪನಿಗೂ ಮುಂದೆ ನಡೆಯಲು ಹೇಳಿ, ಉಸಿರು ತಿರುಗಲೆಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಹೆಸರು ಕರೆದು ಮುಗಿಸಿ ನಮ್ಮ ಶಿಕ್ಷಕಿ ಬಾಯಿಯವರು ಪಾಠದ ಪುಸ್ತಕ ತೆರೆದರು. ಒಂದು ಪುಟ ಓದಿದ ಮೇಲೆ ಅವರ ಕಣ್ಣು ಬಾಗಿಲಾಚೆ ಹೋಯಿತು. ನಾನೂ ನೋಡಿದೆ. ಅವ್ವ ಎರಡೂ ಕಾಲು ನೀಡಿ, ಬಾಯಿ ತುಸು ತೆರೆದು, ನಿದ್ದೆ ಹೋಗಿದ್ದಳು. ಮುಖದ ಅರ್ಧಕ್ಕೆ ಬಿಸಿಲು ಬಂದಿತ್ತು.

ಬಾಯಿಯವರು ಎದ್ದು ಹೋಗಿ, ಅವಳ ಮುಖಕ್ಕೆ ನೆರಳಾಗುವಷ್ಟು ಬಾಗಿಲ ಒಂದು ಕದವನ್ನು ಹೊರಕ್ಕೆ ಸರಿಸಿ ಬಂದರು. ಆಮೇಲೆ ಪುಸ್ತಕ ಎತ್ತಿಕೊಂಡು, ಮೊದಲಿಗಿಂತ ಮೆಲುದನಿಯಲ್ಲಿ, ಮುಂದಿನ ಸಾಲು ಓದಿದರು. ನಾವು ನಲವತ್ತು ಹುಡುಗಿಯರು ಅಷ್ಟೇ ಮೆಲ್ಲಗೆ ಅದನ್ನು ತಿರುಗಿ ಹೇಳಿದೆವು.